ಬೆಂಗಳೂರಿನಿಂದ ಐಪಿಎಸ್‌ಸಿ ಪಂದ್ಯಕ್ಕೆ ಹೊರಡುವವರಿಗೆ

ಐಪಿಎಸ್‌ಸಿ ಎಂದರೆ ಓಡುತ್ತ, ಜಾಗ ಬದಲಿಸುತ್ತ, ಗಡಿಯಾರದ ಎದುರು ಗುರಿಗಳಿಗೆ ಗುಂಡು ಹೊಡೆಯುವ ಅಂತರರಾಷ್ಟ್ರೀಯ ಪಿಸ್ತೂಲು ಆಟ. ಬೆಂಗಳೂರಿನಲ್ಲಿ ಲೈಸೆನ್ಸ್ ಪಡೆದು ಮನೆಯಲ್ಲಿಟ್ಟುಕೊಂಡ .32 ಪಿಸ್ತೂಲು ಐಪಿಎಸ್‌ಸಿ ಪಂದ್ಯಕ್ಕೆ ಬರುವುದಿಲ್ಲ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ತೆಗೆದುಕೊಂಡು ಎರಡನ್ನೂ ಗುಣಿಸಿ, 1000ದಿಂದ ಭಾಗಿಸಿದರೆ ಬರುವುದು ಪವರ್ ಫ್ಯಾಕ್ಟರ್. .32 ಎಸಿಪಿಯ 71 ಗ್ರೇನ್ ಗುಂಡು 900 ಅಡಿ ವೇಗದಲ್ಲಿ ಹೊರಟರೆ ಲೆಕ್ಕ 63.9ಕ್ಕೆ ನಿಲ್ಲುತ್ತದೆ. ಪಂದ್ಯಕ್ಕೆ ಬೇಕಾದ ಕನಿಷ್ಠ ಅಂಕಿ 125, ಅಂದರೆ ಹತ್ತಿರಹತ್ತಿರ ಎರಡರಷ್ಟು. 9 ಎಂಎಂಗಿಂತ ಸಣ್ಣ ಕ್ಯಾಲಿಬರನ್ನು ಒಪ್ಪುವುದೂ ಇಲ್ಲ. ಆ 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್, ಸಾಮಾನ್ಯರಿಗೆ ಅದರ ಲೈಸೆನ್ಸ್ ಸಿಗದು.

ಹಾಗಾಗಿ ಇಲ್ಲಿಂದ ಹೋಗುವವರಲ್ಲಿ ಹೆಚ್ಚಿನವರು ಪಂದ್ಯ ನಡೆಯುವ ಹೊರದೇಶದಲ್ಲೇ ಬಾಡಿಗೆ ಪಿಸ್ತೂಲು, ಅಲ್ಲೇ ಕೊಂಡ ಗುಂಡು ಹಿಡಿದು ಆಡಬೇಕು. ಬೆಂಗಳೂರಿನಿಂದ ಒಯ್ಯಲು ಸಾಧ್ಯವಿರುವುದು ಬೆಲ್ಟು, ಹೋಲ್‌ಸ್ಟರು (ಪಿಸ್ತೂಲಿನ ಒರೆ) ಮತ್ತು ಕೈಕಾಲಿಗೆ ಹತ್ತಿದ ಅಭ್ಯಾಸ. ಇದನ್ನು ಕೇಳಿ ಅನೇಕರು ಆಸೆ ಬಿಡುತ್ತಾರೆ. ಬಿಡಬೇಕಾಗಿಲ್ಲ. ಈ ಆಟದಲ್ಲಿ ಸಮಯ ಪೋಲಾಗುವುದು ಗುಂಡು ಹಾರಿಸುವಾಗಲ್ಲ. ಹೋಲ್‌ಸ್ಟರಿನಿಂದ ತೆಗೆಯುವಾಗ, ಮ್ಯಾಗಝಿನ್ (ಗುಂಡು ತುಂಬುವ ಡಬ್ಬಿ) ಬದಲಿಸುವಾಗ, ಒಂದು ಜಾಗದಿಂದ ಇನ್ನೊಂದಕ್ಕೆ ಓಡಿ ನಿಲ್ಲುವಾಗ, ಮುಂದೇನು ಎಂದು ತಡಬಡಾಯಿಸುವಾಗ. ಈ ನಾಲ್ಕನ್ನೂ ಒಂದೇ ಒಂದು ಗುಂಡು ಸುಡದೆ ಮನೆಯ ಹಾಲ್‌ನಲ್ಲೇ ಕಲಿಯಬಹುದು. ಉಳಿಯುವುದು ಹಿನ್ನೊದೆತವೊಂದೇ. ಅದಕ್ಕೆ ಎರಡು ದಿನ ಮೊದಲೇ ಹೋಗಿ ದುಡ್ಡು ಕೊಟ್ಟು ಕಲಿಯಬೇಕು.

ಮೊದಲು ಅಂಕದ ಲೆಕ್ಕ

ಐಪಿಎಸ್‌ಸಿ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ. ನಿಖರತೆ, ಬಲ, ವೇಗ ಮೂರಕ್ಕೂ ಸಮಾನ ಬೆಲೆ ಎಂಬುದು ಅದರ ಧ್ಯೇಯ. ಒಲಿಂಪಿಕ್ ಶೈಲಿಯ 10 ಮೀಟರ್, 25 ಮೀಟರ್ ಶೂಟಿಂಗ್‌ನಲ್ಲಿ ಪಳಗಿದವರು ಇಲ್ಲಿ ಮೊದಲು ಎಡವುವುದು ಈ 'ಸಮಾನ' ಎಂಬಲ್ಲೇ. ಅಲ್ಲಿ ಸಮಯ ಒಂದು ಮಿತಿ ಮಾತ್ರ. ಇಲ್ಲಿ ಸಮಯವೇ ಭಾಜಕ.

ಕಾಗದದ ಪ್ರತಿ ಗುರಿಗೆ ಸಾಮಾನ್ಯವಾಗಿ ಎರಡು ಹೊಡೆತ. ನಟ್ಟನಡುವಿನ ಎ ವಲಯಕ್ಕೆ ಬಿದ್ದರೆ 5 ಅಂಕ. ಮೈನರ್ ಪವರ್ ಫ್ಯಾಕ್ಟರ್‌ನಲ್ಲಿ (ಕಡಿಮೆ ಬಲದ ಗುಂಡಿಗೆ) ಅದರ ಹೊರಗಿನ ಸಿ ವಲಯಕ್ಕೆ 3, ಡಿಗೆ 1. ಮೇಜರ್‌ನಲ್ಲಿ (ಹೆಚ್ಚು ಬಲದ ಗುಂಡಿಗೆ) ಇವೇ 4 ಮತ್ತು 2. ಗುರಿ ತಪ್ಪಿದರೆ 10 ಕಳೆಯುತ್ತಾರೆ, ಹೊಡೆಯಬಾರದ ಗುರಿಗೆ ತಗುಲಿದರೂ 10, ನಿಯಮ ಮೀರಿದರೂ 10. ಉಳಿದ ಅಂಕವನ್ನು ಸೆಕೆಂಡುಗಳಿಂದ ಭಾಗಿಸಿದರೆ ಹಿಟ್ ಫ್ಯಾಕ್ಟರ್. ಆ ಸ್ಟೇಜಿನಲ್ಲಿ, ಅಂದರೆ ಪಂದ್ಯದ ಆ ಸುತ್ತಿನಲ್ಲಿ, ನಿಮ್ಮ ವಿಭಾಗದಲ್ಲಿ, ಅತಿ ಹೆಚ್ಚು ಹಿಟ್ ಫ್ಯಾಕ್ಟರ್ ಪಡೆದವರಿಗೆ ಸ್ಟೇಜಿನ ಪೂರ್ತಿ ಅಂಕ. ಉಳಿದವರಿಗೆ ಅವರಿಗೆ ಹೋಲಿಸಿದ ಶೇಕಡಾವಾರು.

ಆರು ಗುರಿ, ಹನ್ನೆರಡು ಗುಂಡು, 60 ಅಂಕದ ಸಣ್ಣ ಸ್ಟೇಜ್ ತೆಗೆದುಕೊಳ್ಳಿ. ಎಲ್ಲರೂ ಮೈನರ್. ಒಬ್ಬರು ಹನ್ನೆರಡನ್ನೂ ಎಗೆ ಹಾಕಿ 8 ಸೆಕೆಂಡ್ ತೆಗೆದುಕೊಂಡರು: 60 ಭಾಗ 8, ಅಂದರೆ 7.5. ಇನ್ನೊಬ್ಬರು ಒಂಬತ್ತು ಎ, ಮೂರು ಸಿ, ಸಮಯ 7 ಸೆಕೆಂಡ್: 54 ಭಾಗ 7, ಅಂದರೆ 7.71. ಮೂರನೆಯವರು 6.5 ಸೆಕೆಂಡಿಗೇ ಮುಗಿಸಿದರು, ಆದರೆ ಹತ್ತು ಎ, ಒಂದು ಸಿ, ಒಂದು ತಪ್ಪು: 43 ಭಾಗ 6.5, ಅಂದರೆ 6.62. ಗೆದ್ದವರು ಎರಡನೆಯವರು, ಅವರಿಗೆ 60. ಒಂದೂ ಗುರಿ ಕೆಡಿಸದೆ ನಿಧಾನವಾಗಿ ಹೊಡೆದವರಿಗೆ 58.33. ಅವಸರಪಟ್ಟವರಿಗೆ 51.45. ಮೂರು ಸಿ ಹೊಡೆದವರು ಗೆದ್ದರು ಎಂಬುದನ್ನು ಗಮನಿಸಿ. ಒಂದು ತಪ್ಪಿದ ಗುಂಡು ಎಷ್ಟು ದುಬಾರಿಯಾಯಿತು ಎಂಬುದನ್ನು ಇನ್ನಷ್ಟು ಗಮನಿಸಿ.

ಇದನ್ನೇ ತಿರುಗಿಸಿ ನೋಡಿದರೆ ರೇಂಜಿನಲ್ಲಿ ನಿಂತು ತೀರ್ಮಾನ ಮಾಡಲು ಒಂದು ಅಳತೆ ಸಿಗುತ್ತದೆ. ಹಿಟ್ ಫ್ಯಾಕ್ಟರ್ 7.5ರ ಸುಮಾರಿನ ಸ್ಟೇಜಿನಲ್ಲಿ ಎ ಬದಲು ಸಿ ಬಿದ್ದರೆ ಕಳೆದುಕೊಂಡದ್ದು 2 ಅಂಕ, ಅಂದರೆ 0.27 ಸೆಕೆಂಡ್. ಡಿ ಬಿದ್ದರೆ 0.53 ಸೆಕೆಂಡ್. ಗುರಿ ತಪ್ಪಿದರೆ ಸಿಗಬೇಕಿದ್ದ 5, ದಂಡದ 10, ಒಟ್ಟು 15 ಅಂಕ, ಅಂದರೆ ಬರೋಬ್ಬರಿ 2 ಸೆಕೆಂಡ್. ತಪ್ಪಿತು ಎಂದು ಸೈಟ್ (ಪಿಸ್ತೂಲಿನ ಮೇಲಿನ ಗುರಿಗಣ್ಣು) ನೋಡಿ ಗೊತ್ತಾದರೆ ಇನ್ನೊಂದು ಗುಂಡು ಹಾಕಲು ಅರ್ಧ ಸೆಕೆಂಡೂ ಬೇಡ. ಹಿಂದೆ ಮುಂದೆ ನೋಡದೆ ಹಾಕಿಬಿಡಿ. ಸಿ ಬಿತ್ತು ಎಂದು ಗೊತ್ತಾದರೆ ಬಿಟ್ಟು ಮುಂದೆ ಹೋಗಿ. ಓಡಾಟ ಹೆಚ್ಚಿರುವ, ಹಿಟ್ ಫ್ಯಾಕ್ಟರ್ 5ರ ಆಸುಪಾಸಿನ ಉದ್ದ ಸ್ಟೇಜಿನಲ್ಲಿ ಪ್ರತಿ ಅಂಕಕ್ಕೂ ಬೆಲೆ ಏರುತ್ತದೆ: ಸಿಗೆ 0.4 ಸೆಕೆಂಡ್, ತಪ್ಪಿಗೆ 3 ಸೆಕೆಂಡ್. ಅಲ್ಲಿ ಸೈಟ್ ನೆಲೆಗೊಳ್ಳಲು ಕಾಯುವುದರಲ್ಲೇ ಲಾಭ. ಈ ಅಂಕಿಗಳು ಬಾಯಿಪಾಠವಾಗಿರಲಿ.

ವಿಭಾಗ ಮತ್ತು ಪಿಸ್ತೂಲು

ಓಪನ್, ಸ್ಟ್ಯಾಂಡರ್ಡ್, ಕ್ಲಾಸಿಕ್, ಪ್ರೊಡಕ್ಷನ್, ಪ್ರೊಡಕ್ಷನ್ ಆಪ್ಟಿಕ್ಸ್, ರಿವಾಲ್ವರ್ ಹೀಗೆ ವಿಭಾಗಗಳಿವೆ. ಬಾಡಿಗೆ ಪಿಸ್ತೂಲಿನಲ್ಲಿ ಆಡುವವರು ಕಣ್ಣು ಮುಚ್ಚಿ ಪ್ರೊಡಕ್ಷನ್ ಆರಿಸಿಕೊಳ್ಳಬಹುದು. ಎಲ್ಲರಿಗೂ ಮೈನರ್ ಅಂಕವೇ, ಹಾಗಾಗಿ ಬಲದ ಗುಂಡಿನವರಿಗೆ ಹೋಲಿಸಿ ಸೋಲುವ ಪ್ರಶ್ನೆಯಿಲ್ಲ. ಮಾರ್ಪಾಡುಗಳಿಗೆ ಬಿಗಿ ಮಿತಿಯಿದೆ, ಆದ್ದರಿಂದ ಬಾಡಿಗೆಯದ್ದಕ್ಕೂ ಸ್ಥಳೀಯ ಚಾಂಪಿಯನ್ನನದ್ದಕ್ಕೂ ಅಜಗಜಾಂತರವಿರುವುದಿಲ್ಲ. ಮ್ಯಾಗಝಿನ್ನಿಗೆ 15 ಗುಂಡಿನ ಮಿತಿ. 32 ಗುಂಡಿನ ಉದ್ದ ಸ್ಟೇಜಿನಲ್ಲಿ ಕನಿಷ್ಠ ಎರಡು ಬಾರಿ ಮ್ಯಾಗಝಿನ್ ಬದಲಿಸಲೇಬೇಕು. ಮನೆಯಲ್ಲಿ ಬದಲಿಸಿ ಬದಲಿಸಿ ಕೈ ಪಳಗಿಸಿಕೊಂಡವರಿಗೆ ಇದು ವರ.

ರೇಂಜುಗಳಲ್ಲಿ ಹೆಚ್ಚಾಗಿ ಸಿಗುವುದು ಸಿಝಡ್ ಶ್ಯಾಡೋ 2, ಇಲ್ಲವೇ ಗ್ಲಾಕ್ 17 ಅಥವಾ 34. ಆಯ್ಕೆ ನಿಮ್ಮ ಕೈಲಿದ್ದರೆ, ಅನುಭವ ಕಡಿಮೆ ಇರುವವರಿಗೆ ಗ್ಲಾಕ್ ವಾಸಿ ಎಂದೇ ನನ್ನ ಅಭಿಪ್ರಾಯ. ಶ್ಯಾಡೋ 2 ತೂಕದ್ದು, ಹಿನ್ನೊದೆತ ಕಡಿಮೆ, ಟ್ರಿಗರ್ ಬೆಣ್ಣೆಯಂತೆ. ಆದರೆ ಪ್ರೊಡಕ್ಷನ್‌ನಲ್ಲಿ ಆರಂಭಕ್ಕೆ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಹಿಂಬದಿಯ ಸುತ್ತಿಗೆ) ಪೂರ್ತಿ ಇಳಿದಿರಬೇಕು. ಆ ಪಿಸ್ತೂಲಿಗೆ ಹ್ಯಾಮರ್ ತಾನಾಗಿ ಇಳಿಸುವ ಗುಂಡಿ ಇಲ್ಲ. ಚೇಂಬರಿನಲ್ಲಿ ಗುಂಡಿರುವಾಗ, ಹೆಬ್ಬೆರಳಿನಿಂದ ಹ್ಯಾಮರ್ ಗಟ್ಟಿ ಹಿಡಿದು, ಟ್ರಿಗರ್ ಒತ್ತಿ, ನಿಧಾನವಾಗಿ ಇಳಿಸಬೇಕು. ಬೆವರಿದ ಹೆಬ್ಬೆರಳು ಜಾರಿತೋ, ಗುಂಡು ಹಾರಿತು, ಪಂದ್ಯ ಮುಗಿಯಿತು. ಇಡೀ ಪಂದ್ಯದಿಂದಲೇ ಅನರ್ಹ. ಇಳಿಸಬೇಕಾದವರು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹ್ಯಾಮರನ್ನು ಎರಡೂ ಪಕ್ಕ ಚಿವುಟಿ ಹಿಡಿಯಿರಿ, ಬ್ಯಾರೆಲ್ ಎದುರಿನ ಮಣ್ಣುದಿಬ್ಬದ ಕಡೆಗೇ ಇರಲಿ, ಹ್ಯಾಮರ್ ಅಲುಗಿದ ಕೂಡಲೇ ಟ್ರಿಗರಿನಿಂದ ಬೆರಳು ತೆಗೆದು ಉಳಿದ ದೂರ ಇಳಿಸಿ. ಪಕ್ಕದಲ್ಲಿ ಯಾರು ಮಾತನಾಡಿಸಿದರೂ ಆ ಎರಡು ಸೆಕೆಂಡ್ ಕಿವುಡರಾಗಿ.

ಯಾವ ಮಾದರಿ ಸಿಗುತ್ತದೆ ಎಂಬುದನ್ನು ಆಯೋಜಕರಿಂದ ಲಿಖಿತವಾಗಿ ಕೇಳಿ ತಿಳಿದುಕೊಂಡ ಮೇಲೆಯೇ ಹೋಲ್‌ಸ್ಟರ್ ಕೊಳ್ಳಿ. ಶ್ಯಾಡೋದ ಹೋಲ್‌ಸ್ಟರಿನಲ್ಲಿ ಗ್ಲಾಕ್ ಕೂರುವುದಿಲ್ಲ. ಓಪನ್ ಮತ್ತಿತರ ಕೆಲವನ್ನು ಬಿಟ್ಟರೆ ಹೋಲ್‌ಸ್ಟರೂ ಮ್ಯಾಗಝಿನ್ ಪೌಚುಗಳೂ ಸೊಂಟದ ಮೂಳೆಯಿಂದ ಹಿಂದಕ್ಕೇ ಇರಬೇಕು. ವಿಡಿಯೊಗಳಲ್ಲಿ ಹೊಟ್ಟೆಯ ಮುಂದೆ ಪೌಚು ಕಟ್ಟಿದವರನ್ನು ನೋಡಿ ಹಾಗೇ ಅಭ್ಯಾಸ ಮಾಡಿದರೆ ಪಂದ್ಯದ ದಿನ ಕೈ ತಡಕಾಡುತ್ತದೆ. ಒಳಬೆಲ್ಟು ಹೊರಬೆಲ್ಟು ಎರಡೂ ವೆಲ್ಕ್ರೋದಿಂದ ಅಂಟುವ ಜೋಡಿ ಬೆಲ್ಟ್, ನಾಲ್ಕು ಪೌಚು ಸಾಕು. ಬಟ್ಟೆಯಲ್ಲಿ ಮಿಲಿಟರಿ ಮಾದರಿಯ ಮಚ್ಚೆ ಬಣ್ಣ ಬೇಡ, ನಿಯಮಾವಳಿಯೇ ಅದನ್ನು ಬೇಡವೆನ್ನುತ್ತದೆ.

ಮನೆಯ ಅಭ್ಯಾಸ

ಇದೇ ಈ ಬರಹದ ಜೀವ. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ, ಮೂರು ತಿಂಗಳು. ಅದಕ್ಕಿಂತ ಹೆಚ್ಚು ಮಾಡಿದರೆ ಗಮನ ಚದುರಿ ತಪ್ಪು ಅಭ್ಯಾಸ ಬೇರೂರುತ್ತದೆ.

ಮೊದಲು ಸುರಕ್ಷತೆ. ಲೈಸೆನ್ಸಿನ ಪಿಸ್ತೂಲಿನಲ್ಲೇ ಟ್ರಿಗರ್ ಅಭ್ಯಾಸ ಮಾಡುವುದಾದರೆ ಗುಂಡುಗಳು ಬೇರೆ ಕೋಣೆಯಲ್ಲಿ ಬೀಗದೊಳಗಿರಲಿ, ಚೇಂಬರನ್ನು ಕಣ್ಣಿನಿಂದ ನೋಡಿ ಬೆರಳಿನಿಂದಲೂ ಮುಟ್ಟಿ ಖಾಲಿ ಎಂದು ಖಚಿತಪಡಿಸಿಕೊಳ್ಳಿ. ಗುರಿಯ ಹಿಂದೆ ಕಾಂಕ್ರೀಟ್ ಕಂಬವೋ ಹೊರಗೋಡೆಯೋ ಇರಲಿ, ಪಕ್ಕದ ಮನೆಯವರ ಮಲಗುವ ಕೋಣೆಯ ಕಡೆಗಿನ ಇಟ್ಟಿಗೆ ಗೋಡೆ ಬೇಡ. ಅಪಾರ್ಟ್‌ಮೆಂಟಿನಲ್ಲಿದ್ದರೆ ಪರದೆ ಪೂರ್ತಿ ಎಳೆಯಿರಿ. ಎದುರಿನ ಬ್ಲಾಕಿನ ಬಾಲ್ಕನಿಯಿಂದ ಯಾರಾದರೂ ನೋಡಿ ಹೆದರಿ ಪೊಲೀಸರಿಗೆ ಫೋನ್ ಮಾಡಿದರೆ ತಪ್ಪು ಅವರದಲ್ಲ. ತಾರಸಿಯ ಮೇಲಂತೂ ಪಿಸ್ತೂಲಿನಂತೆ ಕಾಣುವ ಯಾವುದನ್ನೂ ಹಿಡಿಯಬೇಡಿ. ಅಭ್ಯಾಸ ಮುಗಿಯಿತು ಎಂದು ಬಾಯಿಬಿಟ್ಟು ಹೇಳಿಕೊಂಡು ಪಿಸ್ತೂಲು ಒಳಗಿಡಿ. 'ಇನ್ನೊಂದು ಸಲ' ಎಂದು ಮತ್ತೆ ತೆಗೆಯುವ ಹೊತ್ತಿನಲ್ಲೇ ಅನಾಹುತಗಳಾಗುವುದು.

.177 ಏರ್ ಪಿಸ್ತೂಲೂ ಟ್ರಿಗರ್ ಮತ್ತು ಸೈಟ್ ಅಭ್ಯಾಸಕ್ಕೆ ಚೆನ್ನಾಗಿಯೇ ಆಗುತ್ತದೆ. ಒಂದೇ ಕೈಯಲ್ಲಿ ಹಿಡಿಯುವ ಒಲಿಂಪಿಕ್ ಮಾದರಿಯದ್ದು ಬೇಡ, ಎರಡು ಕೈ ಹಿಡಿತಕ್ಕೆ ಒಗ್ಗುವ ಆಕಾರದ್ದು ಇರಲಿ.

ಗುರಿಯನ್ನು ಅರ್ಧ ಅಳತೆಗೆ ಕತ್ತರಿಸಿ 3.5 ಮೀಟರ್ ದೂರದಲ್ಲಿ ಅಂಟಿಸಿದರೆ ಕಣ್ಣಿಗೆ ಅದು 7 ಮೀಟರಿನ ಪೂರ್ಣ ಗುರಿ. ಮೂರನೇ ಒಂದು ಅಳತೆಯದ್ದು 3 ಮೀಟರಿನಲ್ಲಿದ್ದರೆ 9 ಮೀಟರಿನದು. ಸಾಮಾನ್ಯ ಹಾಲ್‌ಗೆ ಇಷ್ಟು ಸಾಲುತ್ತದೆ. ಫೋನಿನಲ್ಲಿ ಶಾಟ್ ಟೈಮರ್ ಆ್ಯಪ್ ಹಾಕಿಕೊಂಡು, ಆರಂಭದ ಬೀಪ್ ಯಾವಾಗ ಬರುತ್ತದೆಂದು ಗೊತ್ತಾಗದಂತೆ ಹೊಂದಿಸಿ, ಎರಡನೇ ಬೀಪನ್ನು ಗಡುವಾಗಿ ಇಟ್ಟುಕೊಳ್ಳಿ. ಪಂದ್ಯದಲ್ಲೂ ಸ್ಟ್ಯಾಂಡ್‌ಬೈ ಎಂದ ಮೇಲೆ 1ರಿಂದ 4 ಸೆಕೆಂಡಿನೊಳಗೆ ಬೀಪ್ ಬರುತ್ತದೆ.

ಹೋಲ್‌ಸ್ಟರಿನಿಂದ ತೆಗೆಯುವಾಗ ಬೀಪಿಗೆ ಎರಡೂ ಕೈ ಒಟ್ಟಿಗೇ ಹೊರಡಬೇಕು. ಬಲಗೈ ಹಿಡಿಯ ಮೇಲ್ತುದಿಗೆ, ಹೆಬ್ಬೆರಳು ತೋರುಬೆರಳಿನ ನಡುವಿನ ಜಾಗ ಒತ್ತಿ ಕೂರುವಂತೆ. ಎಡಗೈ ಎದೆಯ ಕೆಳಗೆ ಕಾಯುತ್ತಿರಲಿ. ಪಿಸ್ತೂಲು ಹೊರಬಂದ ಕೂಡಲೇ ಬ್ಯಾರೆಲ್ ಗುರಿಯತ್ತ ತಿರುಗಿ, ಎದೆಯ ಮುಂದೆ ಎರಡು ಕೈ ಕೂಡಿ, ನೇರ ಮುಂದಕ್ಕೆ. ತೋಳು ಚಾಚಿ ಮುಗಿಯುವ ಹೊತ್ತಿಗೆ ಸೈಟ್ ಕಣ್ಣಿಗೆ ಬಂದಿರಬೇಕು, ಹುಡುಕಬೇಕಾಗಬಾರದು. 7 ಮೀಟರಿನ ಗುರಿಗೆ ಮೊದಲು 2 ಸೆಕೆಂಡ್ ಗಡುವಿಟ್ಟು, ಹತ್ತರಲ್ಲಿ ಒಂಬತ್ತು ಸಲ ಸೈಟ್ ಎ ವಲಯದಲ್ಲಿ ಸಿಕ್ಕಿದ ಮೇಲೆ 1.5ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಇಳಿಸಲು ತಲೆ ಕೆಡಿಸಿಕೊಳ್ಳಬೇಡಿ. ಒಂದು ಸ್ಟೇಜಿಗೆ ಒಂದೇ ಸಲ ತೆಗೆಯುವುದು, ಅದರಲ್ಲಿ 0.2 ಸೆಕೆಂಡ್ ಉಳಿಸಿ ಮ್ಯಾಗಝಿನ್ ಬದಲಿಸುವಲ್ಲಿ ಒಂದು ಸೆಕೆಂಡ್ ಕಳೆದರೆ ಏನು ಬಂತು? ಅಂದಹಾಗೆ, ಕೈ ಭುಜದ ಮೇಲೆತ್ತಿ ನಿಲ್ಲುವ ಆರಂಭ, ಖಾಲಿ ಪಿಸ್ತೂಲು ಮೇಜಿನ ಮೇಲೂ ಮ್ಯಾಗಝಿನ್ನುಗಳು ಡ್ರಮ್ಮಿನ ಮೇಲೂ ಇರುವ ಆರಂಭ ಇವೂ ಬರುತ್ತವೆ. ಊಟದ ಮೇಜಿನ ಮೇಲಿಟ್ಟು ಅದನ್ನೂ ಅಭ್ಯಾಸ ಮಾಡಿ.

ಮ್ಯಾಗಝಿನ್ ಬದಲಿಸುವುದರಲ್ಲಿ ಹೆಚ್ಚಿನವರು ಬಲಗೈಯ ಬಗ್ಗೆ ಯೋಚಿಸುತ್ತಾರೆ. ಯೋಚಿಸಬೇಕಾದದ್ದು ಎಡಗೈಯ ಬಗ್ಗೆ. ಕೊನೆಯ ಹೊಡೆತ ಆದ ಕ್ಷಣ ಎಡಗೈ ಪೌಚಿಗೆ ಹೋಗಬೇಕು. ಬಲಗೈಯ ಹೆಬ್ಬೆರಳು ಬಿಡುಗಡೆಯ ಗುಂಡಿ ಒತ್ತುವಷ್ಟರಲ್ಲಿ ಎಡಗೈ ಹೊಸದನ್ನು ಹಿಡಿದಿರುತ್ತದೆ. ತೋರುಬೆರಳು ಮ್ಯಾಗಝಿನ್ನಿನ ಮುಂಭಾಗದುದ್ದಕ್ಕೂ, ತುದಿ ಮೇಲಿನ ಗುಂಡಿನ ಮೂತಿಯ ಬಳಿ. ಪಿಸ್ತೂಲು ಕಣ್ಣಿನ ಮಟ್ಟದಲ್ಲೇ ಇರಲಿ, ಹೊಟ್ಟೆಗೆ ಇಳಿಸಬೇಡಿ. ಕಣ್ಣು ಹಿಡಿಯ ಬಾಯಿಯ ಒಳ ಅಂಚಿನ ಮೇಲೆ. ಕೂರಿಸುವಾಗ ಅಂಗೈಯಿಂದ ಗಟ್ಟಿಯಾಗಿ ತಳ್ಳಿ: 15 ಗುಂಡು ತುಂಬಿದ ಮ್ಯಾಗಝಿನ್, ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಮುಚ್ಚಿದ ಪಿಸ್ತೂಲಿನೊಳಗೆ ಸುಲಭವಾಗಿ ಕೂರುವುದಿಲ್ಲ. ಖಾಲಿ ಮ್ಯಾಗಝಿನ್ನಿನಲ್ಲಷ್ಟೇ ಅಭ್ಯಾಸ ಮಾಡಿದವರಿಗೆ ಪಂದ್ಯದಲ್ಲಿ ಒಂದು ಗುಂಡು ಹಾರಿ ಮ್ಯಾಗಝಿನ್ ನೆಲಕ್ಕೆ ಬೀಳುವುದು ಇದರಿಂದಲೇ. ಆರಂಭಕ್ಕೆ 2.5 ಸೆಕೆಂಡ್, ತಿಂಗಳ ನಂತರ 2, ಮೂರನೇ ತಿಂಗಳಿಗೆ 1.7 ಬಂದರೆ ಬೇಕಾದಷ್ಟಾಯಿತು. ಕೆಳಗೆ ದಪ್ಪ ಹಾಸಿಗೆ ಹಾಸಿಕೊಳ್ಳಿ, ಮ್ಯಾಗಝಿನ್ ತುಟಿಯೂ ಬಾಗುವುದಿಲ್ಲ, ಕೆಳಮನೆಯವರಿಗೂ ನೆಮ್ಮದಿ.

ಓಡಾಟಕ್ಕೆ ಪಿಸ್ತೂಲೇ ಬೇಡ. ಬರಿಗೈಯನ್ನು ಹಿಡಿತದ ಆಕಾರದಲ್ಲಿ ಇಟ್ಟುಕೊಂಡು ಬೇಸ್‌ಮೆಂಟ್ ಪಾರ್ಕಿಂಗಿನಲ್ಲೋ ಬೆಳಗ್ಗೆ ಪಾರ್ಕಿನಲ್ಲೋ 5ರಿಂದ 8 ಮೀಟರ್ ಓಟ. ಮುಖ್ಯವಾದದ್ದು ಓಟವಲ್ಲ, ನಿಲುಗಡೆ. ಕೊನೆಯ ಎರಡು ಹೆಜ್ಜೆ ಗಿಡ್ಡವಾಗಲಿ, ಮೊಣಕಾಲು ಬಾಗಿರಲಿ, ಪಾದ ನೆಲಕ್ಕೂರುವ ಮೊದಲೇ ಕೈ ಗುರಿಯ ಎತ್ತರಕ್ಕೆ ಬಂದಿರಲಿ. ನಿಂತ ಮೇಲೆ ಪಿಸ್ತೂಲು ಎತ್ತುವವರು ಪ್ರತಿ ಜಾಗದಲ್ಲೂ ಅರ್ಧ ಸೆಕೆಂಡ್ ಸುಮ್ಮನೆ ಕೊಡುತ್ತಾರೆ. ಉದ್ದ ಮತ್ತು ಮಧ್ಯಮ ಸ್ಟೇಜುಗಳಲ್ಲಿ ಒಂದು ಜಾಗದಿಂದ 9ಕ್ಕಿಂತ ಹೆಚ್ಚು ಹೊಡೆತ ಕೇಳುವಂತಿಲ್ಲ ಎಂಬುದು ವಿನ್ಯಾಸದ ನಿಯಮ, ಅಂದಮೇಲೆ 32 ಗುಂಡಿನ ಸ್ಟೇಜಿನಲ್ಲಿ ನಾಲ್ಕಾದರೂ ಜಾಗ. ಮೂರು ಸಲ ಓಡಿ ನಿಲ್ಲುವಲ್ಲೇ ಒಂದೂವರೆ ಸೆಕೆಂಡ್ ಹೋಯಿತು.

ಕಾಗದಪತ್ರ

ಐಪಿಎಸ್‌ಸಿ ಪಂದ್ಯಗಳಿಗೆ ಐದು ಹಂತ. ಹೊರದೇಶದವರು ಸಾಮಾನ್ಯವಾಗಿ ಹೋಗುವುದು ಮೂರನೇ ಹಂತಕ್ಕೆ, ಹನ್ನೆರಡರ ಮೇಲ್ಪಟ್ಟು ಸ್ಟೇಜ್, ಎರಡು ಮೂರು ದಿನ. ಐದನೆಯದು ವಿಶ್ವ ಶೂಟ್, 30 ಸ್ಟೇಜ್. 1999ರಲ್ಲಿ ಫಿಲಿಪೈನ್ಸಿನ ಸೆಬು, 2008ರಲ್ಲಿ ಬಾಲಿ, 2022ರಲ್ಲಿ ಥಾಯ್ಲೆಂಡಿನ ಪಟ್ಟಾಯ ಹೀಗೆ ನಮಗೆ ಹತ್ತಿರದ ಊರುಗಳಲ್ಲೂ ಅದು ನಡೆದಿದೆ. ಮೊದಲ ಸಲಕ್ಕೆ ಮೂರನೇ ಹಂತವೇ ಸರಿ.

ಪ್ರವೇಶ ಶುಲ್ಕ ಕಟ್ಟಿದ ಮಾತ್ರಕ್ಕೆ ಹೆಸರು ಸೇರುವುದಿಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ಕನಿಷ್ಠ 183 ದಿನ ಯಾವ ದೇಶದಲ್ಲಿ ನೆಲೆಸಿದ್ದೀರೋ ಆ ದೇಶದ ಐಪಿಎಸ್‌ಸಿ ಸದಸ್ಯತ್ವ ಬೇಕು. ಮೂರನೇ ಹಂತದಿಂದ ಮೇಲಕ್ಕೆ ಆ ದೇಶದ ಐಪಿಎಸ್‌ಸಿ ನಿರ್ದೇಶಕರು ನಿಮ್ಮ ಅರ್ಹತೆಯನ್ನು ಆಯೋಜಕರಿಗೆ ಖಚಿತಪಡಿಸಬೇಕು. ವಿಮಾನದ ಟಿಕೆಟ್ಟಿಗೆ ಮೊದಲು ಈ ಕೆಲಸ. ಪಿಸ್ತೂಲು ಹಿಡಿಯುವುದು ಹೇಗೆಂದೇ ಗೊತ್ತಿಲ್ಲದೆ ಹೋಗುವಂತಿಲ್ಲ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುವ ಕಡೆಗಳೂ ಇವೆ. ಆಯೋಜಕರಿಂದ ಆಹ್ವಾನ ಪತ್ರ, ಪಿಸ್ತೂಲು ಅಲ್ಲೇ ಒದಗಿಸುತ್ತೇವೆ ಎಂಬ ಸಾಲು ಅದರಲ್ಲಿ ಇರುವಂತೆ, ತರಿಸಿಕೊಳ್ಳಿ. ವೀಸಾಕ್ಕೂ ಆಗುತ್ತದೆ, ಬ್ಯಾಗಿನಲ್ಲಿ ಹೋಲ್‌ಸ್ಟರ್ ಯಾಕೆ ಎಂದು ಕಸ್ಟಮ್ಸ್‌ನವರು ಕೇಳಿದಾಗಲೂ ಆಗುತ್ತದೆ.

ಗುಂಡನ್ನು ಸ್ಥಳದಲ್ಲೇ ಕೊಳ್ಳುವುದೇಕೆ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ವಿಮಾನದಲ್ಲಿ ಅನುಮತಿ ಪಡೆದವರಿಗೂ ತಲಾ 5 ಕಿಲೋ ಮಿತಿ. 124 ಗ್ರೇನಿನ 9 ಎಂಎಂ ಗುಂಡೊಂದು ಸುಮಾರು 12 ಗ್ರಾಂ ತೂಗುತ್ತದೆ, ಪೆಟ್ಟಿಗೆಯ ತೂಕವೂ ಸೇರಿ 400ರೊಳಗೇ ಮುಗಿಯಿತು. ಅಭ್ಯಾಸಕ್ಕೆ 300, ಪಂದ್ಯಕ್ಕೆ ಸ್ಟೇಜುಗಳ ಒಟ್ಟು ಗುಂಡಿನ ಒಂದೂವರೆ ಪಟ್ಟು ಎಂದು ಮುಂಚಿತವಾಗಿಯೇ ಹೇಳಿಟ್ಟುಕೊಳ್ಳಿ. ಎಲ್ಲವೂ ಒಂದೇ ಕಂಪನಿ, ಒಂದೇ ಲಾಟ್ ಆಗಿರಲಿ.

ಅಲ್ಲಿಗೆ ಹೋದ ಮೇಲೆ

ಮೊದಲ ದಿನ ಪಿಸ್ತೂಲಿನ ಪರಿಚಯ. 15 ಮೀಟರಿನಿಂದ, ಮೇಜಿನ ಮೇಲೆ ಕೈಯೂರಿ ಐದು ಗುಂಡು. ಎಲ್ಲಿ ಬೀಳುತ್ತಿದೆ ನೋಡಿ. ಸೈಟ್ ಸರಿಪಡಿಸಲು ಮಾಲೀಕರು ಒಪ್ಪದಿದ್ದರೆ ಎಷ್ಟು ಎಡ, ಎಷ್ಟು ಕೆಳಗೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಡೆಯಬೇಕು. ಪ್ರತಿ ಮ್ಯಾಗಝಿನ್ನಿಗೂ ಪೇಂಟ್ ಮಾರ್ಕರಿನಿಂದ ನಂಬರ್ ಹಾಕಿ, ಪ್ರತಿಯೊಂದರಲ್ಲೂ 15 ತುಂಬಿ ಎರಡೆರಡು ಸಲ ಹೊಡೆಯಿರಿ. ಗುಂಡು ಸಿಕ್ಕಿಹಾಕಿಕೊಂಡರೆ ನಂಬರ್ ಬರೆದಿಡಿ. ಒಂದೇ ನಂಬರ್ ಎರಡು ಸಲ ಬಂದರೆ ದೋಷ ಪಿಸ್ತೂಲಿನದ್ದಲ್ಲ, ಆ ಮ್ಯಾಗಝಿನ್ನಿನದ್ದು. ವಾಪಸ್ ಕೊಟ್ಟು ಬೇರೆ ಕೇಳಿ. ಬಾಡಿಗೆ ಮ್ಯಾಗಝಿನ್ನುಗಳ ಸ್ಪ್ರಿಂಗ್ ಸೋತಿರುವುದು ಮಾಮೂಲು.

ಎರಡನೇ ದಿನ ಹಿನ್ನೊದೆತ. 7 ಮೀಟರಿನಲ್ಲಿ ಒಂದು ಗುರಿ, ಆರು ಗುಂಡು, ಅರ್ಧರ್ಧ ಸೆಕೆಂಡಿಗೆ ಒಂದು. ಮುಂದಿನ ಸೈಟ್ ಮೇಲೆದ್ದು ಮರಳಿ ಎಲ್ಲಿಗೆ ಬರುತ್ತದೆ ಎಂಬುದನ್ನಷ್ಟೇ ನೋಡಿ. ಗುಂಡುಗಳು ಕೆಳಗೆ ಎಡಕ್ಕೆ ಬೀಳುತ್ತಿದ್ದರೆ ಬಲಗೈ ಹಿಂಡುತ್ತಿದೆ. ಹಿಡಿತದ ಬಲ ಎಡಗೈಯಿಂದ ಬರಲಿ, ಬಲಗೈಯ ಬೆರಳು ಟ್ರಿಗರಿಗೆ ಸಡಿಲವಾಗಿ ಉಳಿಯಲಿ. ಮನೆಯ ಅಭ್ಯಾಸದಲ್ಲಿ ಈ ದೋಷ ಕಾಣುವುದಿಲ್ಲ, ಸದ್ದು ಇಲ್ಲದಿರುವಾಗ ಕೈ ಹೆದರುವುದಿಲ್ಲವಲ್ಲ.

ಕ್ರೋನೋ, ಅಂದರೆ ಗುಂಡಿನ ವೇಗ ಅಳೆಯುವ ಪರೀಕ್ಷೆ, ಅದರ ಬಗ್ಗೆ ಮೈಮರೆಯಬೇಡಿ. ನಿಮ್ಮ ಗುಂಡುಗಳಿಂದ ಎಂಟನ್ನು ಅಧಿಕಾರಿಗಳೇ ತೆಗೆದುಕೊಳ್ಳುತ್ತಾರೆ. ಒಂದನ್ನು ಬಿಚ್ಚಿ ತೂಗುತ್ತಾರೆ, ಮೂರನ್ನು ನಿಮ್ಮ ಪಿಸ್ತೂಲಿನಲ್ಲೇ ಹೊಡೆದು ವೇಗ ಅಳೆಯುತ್ತಾರೆ. ಸರಾಸರಿ ಸಾಲದಿದ್ದರೆ ಇನ್ನೂ ಮೂರು. ಕೊನೆಗೂ 125 ಮುಟ್ಟದಿದ್ದರೆ ಆಡಬಹುದು, ಅಂಕ ಮಾತ್ರ ಲೆಕ್ಕಕ್ಕಿಲ್ಲ. 124 ಗ್ರೇನಿಗೆ 1050 ಅಡಿ ಬಂದರೆ 130.2, 147 ಗ್ರೇನಿಗೆ 880 ಬಂದರೆ 129.4. ಈ ಅಂತರವಿದ್ದರೆ ನಿರಾಳ. ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗವನ್ನು ನಂಬಬೇಡಿ, ಗಿಡ್ಡ ಬ್ಯಾರೆಲಿನಿಂದ ಅದು ಇಳಿಯುತ್ತದೆ. ಅಭ್ಯಾಸದ ದಿನವೇ ರೇಂಜಿನ ಕ್ರೋನೋದಲ್ಲಿ ಐದು ಹೊಡೆದು ನೋಡಿ.

ಸ್ಟೇಜ್ ಓದುವುದು

ಬ್ರೀಫಿಂಗ್ ಆದ ಮೇಲೆ ಸ್ಟೇಜಿನೊಳಗೆ ನಡೆದು ನೋಡಲು ಕೊಡುವ ನಿಮಿಷಗಳಲ್ಲಿ ಸಾಲಿನ ಹಿಂದೆ ನಿಂತು ಹರಟುವುದು ದೊಡ್ಡ ನಷ್ಟ. ಮೊದಲು ಒಟ್ಟು ಗುರಿ ಎಣಿಸಿ, ಬ್ರೀಫಿಂಗಿನ ಸಂಖ್ಯೆಗೆ ತಾಳೆ ಹಾಕಿ. ಒಂದು ಕಡಿಮೆ ಬಂದರೆ ಗೋಡೆಯ ಮರೆಯಲ್ಲಿ ಯಾವುದೋ ಅಡಗಿದೆ ಎಂದರ್ಥ. ಹೊಡೆಯದೆ ಬಿಟ್ಟ ಗುರಿಗೆ ಎರಡು ತಪ್ಪು, ಜೊತೆಗೆ ನಿಯಮ ಮೀರಿದ್ದಕ್ಕೆ ಇನ್ನೊಂದು, ಒಟ್ಟು 30 ದಂಡ. ಆಮೇಲೆ ಯಾವ ಗುರಿ ಯಾವ ಜಾಗದಿಂದ, ಎಲ್ಲಿ ಎಷ್ಟು ಗುಂಡು ಎಂದು ಎಣಿಸಿ, ಮ್ಯಾಗಝಿನ್ ಬದಲಿಸುವುದನ್ನು ಉದ್ದದ ಓಟದ ಮೇಲೆ ಹಾಕಿ. ಓಡುತ್ತ ಬದಲಿಸಿದ್ದಕ್ಕೆ ಸಮಯದ ಖರ್ಚಿಲ್ಲ, ನಿಂತು ಬದಲಿಸಿದರೆ ಎರಡು ಸೆಕೆಂಡ್. ಉಕ್ಕಿನ ಪಾಪರ್ (ಗುಂಡು ತಗುಲಿದರೆ ಬೀಳುವ ಗುರಿ) ಬಿದ್ದರೆ ತೂಗಾಡಲು ಶುರುವಾಗುವ ಗುರಿಗಳಿದ್ದರೆ ಪಾಪರ್ ಹೊಡೆದು, ಮಧ್ಯೆ ಒಂದು ಸ್ಥಿರ ಗುರಿ ಮುಗಿಸಿ, ಆಮೇಲೆ ತೂಗಾಡುವುದಕ್ಕೆ ಬನ್ನಿ. ಪಾಪರ್ ಬೀಳಲು ಹೊತ್ತು ಹಿಡಿಯುತ್ತದೆ, ಅದನ್ನು ಕಾಯುತ್ತ ಕೂರಬೇಡಿ. ಯೋಜನೆ ಒಮ್ಮೆ ಆದ ಮೇಲೆ ಸ್ಕ್ವಾಡಿನ ಇನ್ನೊಬ್ಬರದ್ದು ನೋಡಿ ಬದಲಿಸಬೇಡಿ. ಅರೆಬರೆ ಕಲಿತ ಒಳ್ಳೆಯ ಯೋಜನೆಗಿಂತ ಕಣ್ಣು ಮುಚ್ಚಿದರೂ ಕಾಣುವ ಸಾಧಾರಣ ಯೋಜನೆ ಮೇಲು.

ಆದೇಶಗಳು ಎಲ್ಲ ದೇಶಗಳಲ್ಲೂ ಇಂಗ್ಲಿಷಿನಲ್ಲೇ: ಲೋಡ್ ಆ್ಯಂಡ್ ಮೇಕ್ ರೆಡಿ, ಆರ್ ಯು ರೆಡಿ, ಸ್ಟ್ಯಾಂಡ್‌ಬೈ, ಬೀಪ್. ಮುಗಿದ ಮೇಲೆ ಇಫ್ ಯು ಆರ್ ಫಿನಿಶ್ಡ್, ಅನ್‌ಲೋಡ್ ಆ್ಯಂಡ್ ಶೋ ಕ್ಲಿಯರ್. ಮ್ಯಾಗಝಿನ್ ತೆಗೆದು, ಸ್ಲೈಡ್ ಎಳೆದು, ಖಾಲಿ ಚೇಂಬರ್ ತೋರಿಸಿ. ಆಮೇಲೆ ಇಫ್ ಕ್ಲಿಯರ್, ಹ್ಯಾಮರ್ ಡೌನ್, ಹೋಲ್‌ಸ್ಟರ್. ಮ್ಯಾಗಝಿನ್ ತೆಗೆಯದೆ ಸ್ಲೈಡ್ ಎಳೆದರೆ ಇನ್ನೊಂದು ಗುಂಡು ಚೇಂಬರಿಗೆ ಹತ್ತುತ್ತದೆ, ಹ್ಯಾಮರ್ ಇಳಿಸಿದಾಗ ಅದು ಹಾರುತ್ತದೆ. ಸ್ಟೇಜ್ ಮುಗಿಸಿದ ಖುಷಿಯಲ್ಲಿ ಅನರ್ಹರಾಗುವವರು ಹೀಗೇ ಆಗುವುದು.

ಅನರ್ಹತೆಗೆ ದಾರಿಗಳು

ಓಡುವಾಗ, ಮ್ಯಾಗಝಿನ್ ಬದಲಿಸುವಾಗ, ಸಿಕ್ಕಿದ ಗುಂಡು ಬಿಡಿಸುವಾಗ ಟ್ರಿಗರ್ ಗಾರ್ಡಿನೊಳಗೆ ಬೆರಳು ಕಂಡರೆ ಮನೆಗೆ. ಬ್ಯಾರೆಲ್ ಎಡಕ್ಕೋ ಬಲಕ್ಕೋ 90 ಡಿಗ್ರಿ ದಾಟಿದರೆ ಮನೆಗೆ. ಬಲಗೈಯವರಿಗೆ ಇಲ್ಲೊಂದು ಅಪಾಯ ಕಾದಿರುತ್ತದೆ: ಬಲದಿಂದ ಎಡಕ್ಕೆ ಓಡುತ್ತ ಮ್ಯಾಗಝಿನ್ ಬದಲಿಸುವಾಗ ಮೈ ಎಡಕ್ಕೆ ತಿರುಗಿರುತ್ತದೆ, ಪಿಸ್ತೂಲೂ ಮೈಯೊಂದಿಗೆ ಎಡಕ್ಕೆ ವಾಲುತ್ತದೆ. ಬೆಲ್ಟಿನ ಕೆಳಗೆ ಕಾಲು ಎಡಕ್ಕೆ ಹೋಗಲಿ, ಬೆಲ್ಟಿನ ಮೇಲೆ ಎದೆ ಮಣ್ಣುದಿಬ್ಬದ ಕಡೆಗೇ ಇರಲಿ. ಹಾಲ್‌ನಲ್ಲಿ ಎದುರುಗೋಡೆಗೆ ಒಂದು ಟೇಪ್ ಅಂಟಿಸಿಕೊಂಡು ಬ್ಯಾರೆಲ್ ಅದನ್ನು ಬಿಡದಂತೆ ಎಡಕ್ಕೆ ನಾಲ್ಕು ಹೆಜ್ಜೆ, ಇದನ್ನು ಮೂರು ತಿಂಗಳೂ ಮಾಡಿ.

ಸೇಫ್ಟಿ ಏರಿಯಾದಲ್ಲಿ ಪಿಸ್ತೂಲು ಮುಟ್ಟಬಹುದು, ಗುಂಡು ಮುಟ್ಟುವಂತಿಲ್ಲ. ಡಮ್ಮಿ ಗುಂಡೂ ಇಲ್ಲ. ಉಳಿದ ಕಡೆ ರೇಂಜ್ ಆಫೀಸರ್ ಹೇಳದೆ ಪಿಸ್ತೂಲು ಮುಟ್ಟುವಂತಿಲ್ಲ. ಸ್ಟೇಜಿನ ಹೊರಗೆ ಹೋಲ್‌ಸ್ಟರಿನಿಂದ ಜಾರಿ ಬಿದ್ದರೆ ಬಗ್ಗಿ ಎತ್ತಬೇಡಿ. ಕೂಗಿ ಅಧಿಕಾರಿಯನ್ನು ಕರೆದರೆ ಅವರೇ ಎತ್ತಿಕೊಡುತ್ತಾರೆ, ಪಂದ್ಯವೂ ಉಳಿಯುತ್ತದೆ. ನೀವೇ ಎತ್ತಿದರೆ ಅನರ್ಹ.

ಪಿಸ್ತೂಲು ಕೈಕೊಟ್ಟರೆ ಮರು ಅವಕಾಶವಿಲ್ಲ, ಬಿಡಿಸಿಕೊಂಡು ಮುಂದುವರಿಯಬೇಕು. ಸ್ಟೇಜಿನ ಉಪಕರಣ ಕೈಕೊಟ್ಟರೆ ಮಾತ್ರ ಮರು ಅವಕಾಶ. ಪಾಪರಿಗೆ ಗುಂಡು ತಗುಲಿಯೂ ಬೀಳದಿದ್ದರೆ ಅದನ್ನು ಹಾಗೇ ಬಿಟ್ಟು ತಕರಾರು ಎತ್ತಬಹುದು, ಆದರೆ ಪರೀಕ್ಷೆಯ ಗುಂಡಿಗೆ ಅದು ಬಿದ್ದರೆ ನಿಮಗೆ ತಪ್ಪಿನ ದಂಡವೇ. ಇನ್ನೊಂದು ಹೊಡೆದು ಬೀಳಿಸುವುದು ಜಾಣತನ. ಗುರಿಯ ಗೆರೆಯ ಮೇಲೆ ಬಿದ್ದ ತೂತಿನ ಬಗ್ಗೆ ಅನುಮಾನವಿದ್ದರೆ ಪ್ಯಾಚ್ ಅಂಟಿಸುವ ಮೊದಲೇ ಕೇಳಿ. ಟ್ಯಾಬ್ಲೆಟ್ಟಿನಲ್ಲಿ ಅಂಕ, ಸಮಯ ಎರಡನ್ನೂ ಓದಿಯೇ ಒಪ್ಪಿಗೆ ಕೊಡಿ, ಕೊಟ್ಟ ಮೇಲೆ ಬದಲಾಗದು.

ಬೆಂಗಳೂರಿನ ಹವೆಗೆ ಒಗ್ಗಿದವರಿಗೆ ಆಗ್ನೇಯ ಏಷ್ಯಾದ ಸೆಕೆ ಮಧ್ಯಾಹ್ನದ ಸ್ಟೇಜುಗಳಲ್ಲಿ ಕಾಡುತ್ತದೆ. ಬಾಯಾರುವ ಮುನ್ನ ಓಆರ್‌ಎಸ್, ಅಂಗೈಗೆ ದ್ರವ ಚಾಕ್, ಛತ್ರಿ. ನಿಮ್ಮ ಸರದಿ ಅಲ್ಲದಾಗ ಪ್ಯಾಚ್ ಅಂಟಿಸುವುದು, ಉಕ್ಕು ಎತ್ತಿ ನಿಲ್ಲಿಸುವುದು ಎಲ್ಲರ ಕೆಲಸ; ಮುಂದಿನ ಎರಡು ಸರದಿಯೊಳಗೆ ನಿಮ್ಮದು ಬರುವುದಾದರೆ ಮಾತ್ರ ಬಿಟ್ಟು ಬಂದು ತಯಾರಾಗಿ.

ಹೊರಡುವ ಮೊದಲು

ಕೊನೆಯ ಸ್ಟೇಜ್ ಮುಗಿದ ಸಂಜೆ ಉಳಿದ ಗುಂಡುಗಳನ್ನು ಆಯೋಜಕರಿಗೆ ಒಪ್ಪಿಸಿ ರಸೀದಿ ಪಡೆಯಿರಿ. ಬೆಲ್ಟಿನಿಂದ ಪೌಚುಗಳನ್ನು ಬಿಚ್ಚಿ ತಲೆಕೆಳಗು ಮಾಡಿ ಕುಟ್ಟಿ. ಪ್ಯಾಂಟಿನ ಎಲ್ಲ ಜೇಬು, ಶೂ ಒಳಗೆ, ಬ್ಯಾಗಿನ ಒಳಪದರ, ಚಕ್ರದ ಬಳಿಯ ಸಂದಿ, ಛತ್ರಿಯ ಮಡಿಕೆ ಎಲ್ಲ ಕಡೆ ಕೈಹಾಕಿ ನೋಡಿ. ಹೊಡೆದ ಖಾಲಿ ತೋಟಾಗಳು ಛತ್ರಿಯ ಮಡಿಕೆಯಲ್ಲೇ ಸಿಕ್ಕಿಬಿದ್ದಿರುತ್ತವೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಬ್ಯಾಗಿನಲ್ಲಿ ಒಂದೇ ಒಂದು ಗುಂಡು ಸಿಕ್ಕರೂ ಆಯುಧ ಕಾಯ್ದೆಯಡಿ ಪ್ರಕರಣ, ಮರೆತೆ ಎಂಬ ಮಾತಿಗೆ ಅಲ್ಲೇ ಬಿಡುಗಡೆ ಸಿಗುವುದಿಲ್ಲ. ನೆನಪಿಗೆಂದು ಮ್ಯಾಗಝಿನ್ ಕೊಂಡು ತರಬೇಡಿ, 1959ರ ಕಾಯ್ದೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ. ಡಮ್ಮಿ ಗುಂಡು, ಗುಂಡಿನ ಕೀಚೈನ್ ಕೂಡ ಬೇಡ, ಎಕ್ಸ್‌ರೇ ಪರದೆಯ ಮೇಲೆ ಎಲ್ಲದಕ್ಕೂ ಒಂದೇ ಆಕಾರ. ರೇಂಜಿಗೆ ಒಯ್ದ ಬ್ಯಾಗು, ಬಟ್ಟೆಗಳಲ್ಲಿ ಸಿಡಿಮದ್ದಿನ ಕಣಗಳು ಉಳಿದು, ಭದ್ರತೆಯವರು ಒರೆಸಿ ನೋಡುವ ಬಟ್ಟೆಚೂರಿಗೆ ಯಂತ್ರ ಕೂಗಬಹುದು. ಆದ್ದರಿಂದ ರೇಂಜಿಗೊಂದು, ಪ್ರಯಾಣದ ಕೈಚೀಲಕ್ಕೊಂದು ಎಂದು ಬ್ಯಾಗುಗಳನ್ನು ಮೊದಲಿನಿಂದಲೇ ಬೇರೆ ಇಡಿ. ಬೆಲ್ಟು, ಹೋಲ್‌ಸ್ಟರು ಚೆಕ್‌-ಇನ್ ಸಾಮಾನಿನಲ್ಲಿ ಹೋಗಲಿ, ಆಹ್ವಾನ ಪತ್ರ ಮತ್ತು ಗುಂಡು ಒಪ್ಪಿಸಿದ ರಸೀದಿ ಕೈಚೀಲದಲ್ಲಿರಲಿ.